ನೀಲಿ ಗೆರೆ ಎದ್ದು ನಿಂತ ವರ್ಷ

ನಿಮ್ಮ ಮನೆಯ ಬಾಗಿಲ ಚೌಕಟ್ಟು ಯಾವ ದೇಶದ್ದು, ಹೇಳಿ ನೋಡೋಣ? ಎದ್ದು ಹೋಗಿ ಮೂಸಿ ನೋಡಬೇಡಿ, ಪಕ್ಕದ ಮನೆಯವರು ನಕ್ಕಾರು. ಕುಳಿತಲ್ಲೇ ಹೇಳಿ. ಗೊತ್ತಿಲ್ಲ ಅಲ್ಲವೆ? ನನಗೂ ಗೊತ್ತಿರಲಿಲ್ಲ. ಆಳಂದದಲ್ಲಿ ಕಟ್ಟಿಗೆ ಅಡ್ಡೆ ಇಟ್ಟವನ ಹೆಂಡತಿಯಾಗಿ, ಆಮೇಲೆ ಅದೇ ಅಡ್ಡೆಯವನ ತಾಯಿಯಾಗಿ, ಬದುಕಿಡೀ ಗರಗಸದ ಪುಡಿ ಉಸಿರಾಡಿದವಳಿಗೇ ಗೊತ್ತಿರಲಿಲ್ಲ. ಕಲಿಸಿದವಳು ನಮ್ಮ ಹಿತ್ತಲ ಕೋಣೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದ ಹುಡುಗಿ.

ಹೆಸರು ಬರೆಯುವುದಿಲ್ಲ. "ಬರೀರಿ ಆಯಿ, ಆದ್ರ ಹೆಸರು ಬ್ಯಾಡ" ಎಂದಿದ್ದಾಳೆ. ಮೊನ್ನೆ ಸುಣ್ಣ ಬಳಿಯಲು ಬಂದವನು ಆ ಕೋಣೆಯ ಗೋಡೆಯ ಮೇಲಿನ ಎರಡು ಗೆರೆ ತೋರಿಸಿ, "ಇವನ್ನ ಉಜ್ಜಿ ತಗೀಲೇನ್ರಿ?" ಎಂದು ಕೇಳಿದ. ಒಂದು ಕೆಂಪು, ಒಂದು ನೀಲಿ. "ಆ ಗೋಡಿ ಬಿಡು, ಉಳದ ಮೂರು ಬಳಿ" ಅಂದೆ. ಮುದುಕಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದ. ಕೆಟ್ಟಿದ್ದರೆ ಒಳ್ಳೆಯದಿತ್ತು. ಎಲ್ಲ ನೆನಪಿದೆ, ಅದೇ ಕಷ್ಟ.

ಅವಳ ಊರು ಅಫಜಲಪುರದ ಕಡೆಯ ಗೊಬ್ಬೂರ. ತಂದೆ ಜೇವರ್ಗಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಹಮಾಲ. ಇವಳು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ದೊಡ್ಡ ಓದು ಓದಲು ಬಂದಿದ್ದಳು. ಕೋಣೆ ಕೇಳಲು ಬಂದ ದಿನ ಒಳಗೆ ಕಾಲಿಡುವ ಮೊದಲು ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಮೂಗು ಹಚ್ಚಿ ಮೂಸಿದಳು. "ಬೇವು" ಅಂದಳು. ಹಿತ್ತಲ ಬಾಗಿಲಿಗೆ ಹೋಗಿ ಅದನ್ನೂ ಮೂಸಿದಳು. "ಇದು ಜಾಲಿ." ಬಾಡಿಗೆ ಎಷ್ಟು ಎಂದು ಕೇಳಿದ್ದು ಆಮೇಲೆ.

"ಏನ್ ಓದ್ತಿ ಬೇ?" ಎಂದು ಕೇಳಿದೆ.

"ಚೀನಾದವ್ರು ಮತ್ತ ನಮ್ಮವ್ರು ಹೊರದೇಶದಿಂದ ಪೈನ್ ಕಟಿಗಿ ಎಷ್ಟು ತರಸ್ತಾರ, ವರ್ಷದಿಂದ ವರ್ಷಕ್ಕ ಹ್ಯಾಂಗ ಏರಿಳದದ ಅಂತ ಹೋಲಿಸಿ ನೋಡೋದ್ರಿ."

"ಅದನ್ನ ಓದಿದ್ರ ಏನಾಗ್ತಿ?"

"ಡಾಕ್ಟರ್ ಅಂತಾರ್ರಿ."

"ಹಂಗಾರ ನಮ್ಮ ಅಡ್ಡೆದಾಗಿನ ಕಟಿಗಿಗೆ ಜ್ವರ ಬಂದ್ರ ನಿನ್ನೇ ಕರೀತೇನಿ ತಗೋ."

ನಕ್ಕಳು. ನಗುವಾಗ ಕೈಯಲ್ಲಿದ್ದ ನೋಟ್‌ಬುಕ್ಕನ್ನು ಬಾಯಿಗೆ ಅಡ್ಡ ಹಿಡಿಯುವುದು ಅವಳ ಅಭ್ಯಾಸ. ಇಲ್ಲಿದ್ದಷ್ಟು ಕಾಲ ಹಾಗೇ ನಕ್ಕಳು, ನಕ್ಕಷ್ಟು ದಿನ.

ಪೈನ್ ಅಂದರೆ ಮೆದು ಮರ. ಉಗುರು ಊರಿದರೆ ಗುರುತು ಬೀಳುತ್ತದೆ. ಹಡಗಿನಲ್ಲಿ ಬಂದು, ಬಂದರಿನಿಂದ ಲಾರಿ ಏರಿ, ದಿಮ್ಮಿಯಾಗಿ ನಮ್ಮ ಅಡ್ಡೆಯಲ್ಲಿ ಇಳಿಯುತ್ತದೆ. ಸ್ಲ್ಯಾಬಿನ ಕೆಳಗೆ ಕೊಡುವ ಹಲಗೆ, ಮಂಚ, ಸೋಫಾದ ಒಳಗಿನ ಎಲುಬು, ಎಲ್ಲಾ ಅದೇ. ಚಿಕ್ಕವಳಿದ್ದಾಗ ಅವಳು ತಂದೆಗೆ ಬುತ್ತಿ ಒಯ್ದು, ದಿಮ್ಮಿಯ ಮೇಲೆ ಕೂತಿರುತ್ತಿದ್ದಳಂತೆ. ದಿಮ್ಮಿಗಳ ತುದಿಗೆ ಬಣ್ಣದಲ್ಲಿ ಇಂಗ್ಲಿಷ್ ಅಕ್ಷರ ಬರೆದಿರುತ್ತದೆ. ಶಾಲೆಯಲ್ಲಿ ಕಲಿಸುವ ಮೊದಲೇ ಅವಳು ಎ, ಕೆ, ಎಸ್ ಕಲಿತದ್ದು ಅಲ್ಲಿ. ಅವು ಮರಗಳ ಹೆಸರು ಎಂದುಕೊಂಡಿದ್ದಳು. "ಅಪ್ಪನ ಹೆಗಲ ಮ್ಯಾಲ ಬರೋದು ಎಲ್ಲಿಂದ ಬರ್ತದ, ಅದನ್ನ ನೋಡ್ಬೇಕಂತ ಅನಸ್ತಿತ್ತು ಆಯಿ" ಎಂದು ಒಮ್ಮೆ ಹೇಳಿದಳು. ಅದನ್ನು ಹೇಳುವಾಗ ತನ್ನದೇ ಬಲ ಹೆಗಲನ್ನು ಸವರಿಕೊಂಡಳು.

ಅವಳ ಬಾಯಿ ಮೆತ್ತಗೆ, ಮಾತು ಗಟ್ಟಿ. ನಮ್ಮ ದೇವರ ಮನೆಯ ಮಂಟಪವನ್ನು ಮಗ ಸಾಗವಾನಿಯಲ್ಲಿ ಮಾಡಿಸಿದ್ದೇನೆ ಎಂದು ಊರೆಲ್ಲ ಹೇಳಿದ್ದ. ಒಂದು ದಿನ ನಾನು ಪೂಜೆಗೆ ಕುಳಿತಿದ್ದೆ. ಅವಳು ಹೊಸ್ತಿಲ ಆಚೆ ನಿಂತು ಮೂಗರಳಿಸಿದಳು.

"ಆಯಿ, ಅದು ಸಾಗವಾನಿ ಅಲ್ರಿ. ಮ್ಯಾಲ ಬಣ್ಣ ಬಳದಾರ. ಒಳಗ ಪೈನ್."

"ಅಲ್ಲಿಂದನ ಹ್ಯಾಂಗ ಗೊತ್ತಾತ ಬೇ ನಿನಗ?"

"ಇಲ್ಲಿ ಮಟ ನಾ ಬರಬಹುದು, ವಾಸನಿ ಅಲ್ಲಿಂದ ಇಲ್ಲಿಗೆ ಬರಬಹುದು. ಗೊತ್ತಾಗ್ತದ." ಮಂಟಪದ ಕಡೆ ಕೈ ತೋರಿಸಿ, "ಸಮುದ್ರ ದಾಟಿ ಬಂದ ಕಟಿಗಿ, ಯಾರ ಪೈಕಿ ಅಂತ ಯಾರೂ ಕೇಳ್ಳಿಲ್ಲ, ಸೀದಾ ಒಳಗ ಹೋಗಿ ಕುಂತದ ನೋಡ್ರಿ" ಅಂದಳು.

ಅಂದು ಮಗನಿಗೆ ಚೆನ್ನಾಗಿ ಬೈದೆ. ಅವಳ ಮಾತಿನ ಎರಡನೇ ಅರ್ಧಕ್ಕೆ ಮಾತ್ರ ಕಿವುಡಿಯಾದೆ.

ಏಕೆಂದರೆ, ಈಗ ಹೇಳಿಬಿಡುತ್ತೇನೆ, ನಾನೂ ಕೇಳಿದ್ದೆ. ಬಂದ ದಿನವೇ. "ಯಾರ ಪೈಕಿ ಬೇ ನೀವು?" ಅವಳು ಕಣ್ಣು ಕೆಳಗಿಳಿಸದೆ "ಬೌದ್ಧರ್ರಿ" ಎಂದಳು. ನಮ್ಮದು ಶರಣರ ಮನೆ. ಎಲ್ಲರೂ ಒಂದೇ ಎಂದು ದಿನಾ ಸಂಜೆ ವಿಭೂತಿ ಹಚ್ಚಿಕೊಂಡು ಹೇಳುವವರು. ಕೋಣೆ ಇಲ್ಲ ಎನ್ನಲಿಲ್ಲ. ಎನ್ನಲಿಲ್ಲವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಚಹಾ ಕೊಡಲು ಒಂದು ಲೋಟ ಬೇರೆ ತೆಗೆದಿಟ್ಟೆ. ಅಂಚಿನಲ್ಲಿ ಸ್ವಲ್ಪ ನಜ್ಜಾದ ಸ್ಟೀಲ್ ಲೋಟ. ಅದರ ಜಾಗ ಕಿಟಕಿಯ ಮೇಲೆ. ಅವಳು ಕುಡಿದು, ತೊಳೆದು, ಅಲ್ಲೇ ಇಡುತ್ತಿದ್ದಳು. ಎರಡು ವರ್ಷ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳು ನೋಡಿಲ್ಲ ಎಂದುಕೊಂಡಿದ್ದೆ. ಚೌಕಟ್ಟಿನ ಜಾತಿ ಮೂಸಿ ಹೇಳುವವಳು ಲೋಟ ನೋಡದೆ ಇರುತ್ತಾಳೆಯೆ!

ಈಗ ಗೆರೆಗಳ ವಿಷಯ. ಇಡೀ ದೇಶದ ಅಂಕಿ ಸರ್ಕಾರದ ಪುಸ್ತಕದಲ್ಲಿ ಸಿಗುತ್ತದೆ, ಆದರೆ ಅದರಲ್ಲಿ ಮನುಷ್ಯರು ಕಾಣುವುದಿಲ್ಲ ಎಂದು ಅವಳ ವಾದ. ಅದಕ್ಕೇ ನಮ್ಮ ಕಡೆಯಿಂದ ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲ್ಲೂಕು ಹಿಡಿದಳು. ಚೀನಾದವರ ಕಡೆಯಿಂದ ಇಂಥದೇ ಸಣ್ಣ ಊರುಗಳ ಒಂದು ಜಿಲ್ಲೆ. ಅಲ್ಲಿಯ ಅಂಕಿಗಳನ್ನು ಚೀನಾದ ಒಬ್ಬ ಸಂಶೋಧಕಿ ಕಳಿಸಿಕೊಟ್ಟಿದ್ದಳು. ನಮ್ಮ ಅಂಕಿಗಾಗಿ ಇವಳು ಮೂರೂ ತಾಲ್ಲೂಕಿನ ಅಡ್ಡೆಗಳಿಗೆ ಅಲೆದು, ಹಳೆಯ ಅಳತೆ ಪುಸ್ತಕಗಳ ಧೂಳು ಕುಡಿದಳು. ನಮ್ಮ ಅಡ್ಡೆಯ ಪುಸ್ತಕಗಳನ್ನೂ ಮಗ ಗೋಣಿಚೀಲದಲ್ಲಿ ತಂದು ಕೊಟ್ಟ. ಅವನ್ನೆಲ್ಲ ಇಳಿಸಿ, ಕೋಣೆಯ ಗೋಡೆಯ ಮೇಲೆ ಎರಡು ಗೆರೆ ಎಳೆದಳು. ಕೆಂಪು ಚೀನಾ, ನೀಲಿ ನಾವು.

ನಾನು ಅವಕ್ಕೆ ಹಿರಿ ಸೊಸಿ, ಕಿರಿ ಸೊಸಿ ಎಂದು ಹೆಸರಿಟ್ಟೆ. ದಿನಾ ಹೋಗಿ, "ಹಿರಿ ಸೊಸಿ ಎಲ್ಲಿ ಮಟ ಏರ್ಯಾಳ ಇವತ್ತ?" ಎಂದು ಕಾಡುತ್ತಿದ್ದೆ. ಹಿರಿಯವಳು ಏರಿದ್ದೇ ಏರಿದ್ದು. ಅಲ್ಲಿ ಮನೆ ಕಟ್ಟಿದ್ದೇ ಕಟ್ಟಿದ್ದು. ಕಿರಿಯವಳು ನೆಲ ಬಿಟ್ಟು ಏಳಲೊಲ್ಲಳು.

"ಸೊಸೆಂದ್ರನ್ನ ಹೋಲಸಿದಂಗಲ್ರಿ ಆಯಿ ಇದು" ಎನ್ನುತ್ತಿದ್ದಳು. "ಎರಡು ದೇಶ ಹೋಲಿಸ್ಬೇಕಾದ್ರ ಮೊದ್ಲ ಅಳತಿಕೋಲು ಒಂದಿರಬೇಕು. ಸೊಸೆಂದ್ರಿಗೆ ನೀವು ಒಬ್ಬಾಕಿಗೊಂದು ಕೋಲು ಇಟ್ಟಿರ್ತೀರಿ."

ಅವಳು ಬಂದ ಮೂರನೇ ವರ್ಷ, ಪಂಚಮಿಗೆ ಒಂದು ವಾರ ಮುಂಚೆ ಒಂದು ಸಣ್ಣ ಘಟನೆ ಆಯಿತು. ಅವಳು ಚಹಾ ಕುಡಿದು, ಲೋಟ ತೊಳೆದು, ಕಿಟಕಿಯ ಮೇಲೆ ಇಡದೆ ನಮ್ಮ ಲೋಟಗಳ ಬುಟ್ಟಿಯಲ್ಲಿ ಇಟ್ಟಳು. ನನ್ನ ಎದುರಿಗೇ. ನನ್ನ ಕೈ ತಾನೇ ಹೋಗಿ ಅದನ್ನು ತೆಗೆದು ಕಿಟಕಿಯ ಮೇಲಿಟ್ಟಿತು. ಅವಳು ಅದನ್ನು ನೋಡಿದಳು. ಮರುದಿನದಿಂದ ಚಹಾಕ್ಕೆ ಬರಲಿಲ್ಲ. ಕೇಳಿದರೆ, "ಬಿಟ್ಟೇನ್ರಿ ಆಯಿ, ಪಿತ್ತ ಆಗ್ತದ" ಅಂದಳು. ನನಗೆ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಬರುವ ಸಿಟ್ಟಿನಷ್ಟು ಗಟ್ಟಿ ಸಿಟ್ಟು ಇನ್ನೊಂದಿಲ್ಲ.

ಪಂಚಮಿಯ ದಿನ ಉಂಡಿ ಕೊಡಲು ಅವಳ ಕೋಣೆಗೆ ಹೋದೆ. ಗೋಡೆಯ ಮುಂದೆ ನಿಂತು ಕುಣಿಯುವುದೊಂದೇ ಬಾಕಿ. ಗೆರೆಗಳು ಪೂರ್ತಿಯಾಗಿದ್ದವು.

"ನೋಡ್ರಿ ಆಯಿ, ನಿಮ್ಮ ಕಿರಿ ಸೊಸಿ ಎದ್ದು ನಿಂತಾಳ!"

ನಿಜವಾಗಿಯೂ ಒಂದು ಕಡೆ ಕೆಂಪು ಗೆರೆ ಬಾಗಲು ಶುರುವಾಗಿತ್ತು, ಅದೇ ವರ್ಷ ನೀಲಿ ಗೆರೆ ಧಡಕ್ಕನೆ ಎದ್ದಿತ್ತು. ಎರಡೂ ಅಂಗೈಗಳನ್ನು ಎದುರಿಗೆ ಹಿಡಿದು, ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿ ತೋರಿಸಿದಳು. ಅವರು ಬಿಟ್ಟ ಮರ ನಮ್ಮ ಕಡೆ ತಿರುಗಿತು, ಗೊಬ್ಬೂರಿನಂಥ ಊರಲ್ಲೂ ಮನೆ ಎದ್ದವು, ನಾಲ್ಕನೇ ಅಧ್ಯಾಯವೆಲ್ಲ ಇದೇ, ಇದನ್ನು ಇಲ್ಲಿಯವರೆಗೆ ಯಾರೂ ಹೇಳಿಲ್ಲ ಎಂದಳು. ದಸರೆ ಮುಗಿದ ಮೇಲೆ ಪ್ರಬಂಧ ಒಪ್ಪಿಸುವುದು. ಜೇವರ್ಗಿಯ ಕಾಲೇಜಿನಲ್ಲಿ ಒಂದು ಹುದ್ದೆ ಖಾಲಿ ಇತ್ತು. ಒಪ್ಪಿಸಿದ್ದಕ್ಕೆ ಚೀಟಿ ಸಿಕ್ಕರೆ ಅದು ಅವಳದೇ. ತಂದೆಯನ್ನು ಹಮಾಲಿ ಬಿಡಿಸಿ ಹತ್ತಿರ ಇಟ್ಟುಕೊಳ್ಳಬಹುದು.

ನಾನು ನೀಲಿ ಗೆರೆ ಎದ್ದ ಜಾಗದ ಕೆಳಗೆ ಬರೆದಿದ್ದ ವರ್ಷ ನೋಡಿದೆ. ಉಂಡಿಯ ತಾಟು ಹಿಡಿದು ಅಲ್ಲೇ ನಿಂತುಬಿಟ್ಟೆ.

ಯಾಕೆಂದು ಹೇಳುತ್ತೇನೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಅಡ್ಡೆಯಲ್ಲಿ ಆಳು ಸಿಗದ ದಿನ, ಅಳತೆಯ ದಾರದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಾನೇ. ದಿಮ್ಮಿಯ ನಡುವಿಗೆ ದಾರ ಸುತ್ತುವುದು. ಆ ದಾರವನ್ನು ನಾಲ್ಕು ಮಡಿಕೆ ಮಾಡುವುದು. ಒಂದು ಮಡಿಕೆ ಎಷ್ಟಿದೆಯೋ ಅಷ್ಟೇ ಅಗಲ, ಅಷ್ಟೇ ದಪ್ಪದ ಚೌಕ ತೊಲೆ ಇದು ಎಂದು ತಿಳಿದು ಉದ್ದದಿಂದ ಗುಣಿಸುವುದು. ಹೀಗೆ ಅಳೆದರೆ ದುಂಡು ಮರದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಅಳತೆಗೆ ಸಿಗದೆ ಹೊರಗುಳಿಯುತ್ತದೆ. ತೊಗಟೆಗೆ, ಡೊಂಕಿಗೆ, ಗರಗಸ ತಿನ್ನುವ ಪುಡಿಗೆ ಎಂದು ಎಲ್ಲ ಅಡ್ಡೆಯವರೂ ಅದನ್ನು ಬಿಡುತ್ತಿದ್ದರು. ಮೋಸವಲ್ಲ, ಪದ್ಧತಿ. ನಮ್ಮವರು ತೀರಿಕೊಂಡ ಮೇಲೆ ಬಂದರಿನ ವ್ಯಾಪಾರಿಗಳು ಪ್ರತಿ ಲಾರಿಯ ಜೊತೆ ಅಳತೆ ಚೀಟಿ ಕಳಿಸತೊಡಗಿದರು. ಅದರಲ್ಲಿ ದುಂಡು ಮರದ ಪೂರ್ತಿ ಅಳತೆ. ಮಗ ದಾರ ಬಿಟ್ಟ. ಚೀಟಿಯ ಅಂಕಿಯನ್ನೇ ಪುಸ್ತಕಕ್ಕೆ ಇಳಿಸಿದ. ಸುತ್ತಲಿನ ಅಡ್ಡೆಯವರೂ ಹಾಗೇ ಮಾಡಿದರು. ಪುಸ್ತಕದಲ್ಲಿ ದಾರದ ಅಳತೆ, ಚೀಟಿಯ ಅಳತೆ ಎಂದು ಯಾರೂ ಬರೆದಿಡಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆಯುತ್ತಾರೆ?

ನೀಲಿ ಗೆರೆ ಎದ್ದದ್ದು ಅದೇ ವರ್ಷ. ಮರ ಹೆಚ್ಚು ಬಂದಿರಲಿಲ್ಲ. ನಾವು ದಾರ ಬಿಟ್ಟಿದ್ದೆವು, ಅಷ್ಟೆ.

ಬಾಯಿ ತೆರೆದೆ. ಅವಳು ಉಂಡಿಯ ತಾಟನ್ನು ನೋಡಿ, "ಅಲ್ಲೇ ಇಡ್ರಿ ಆಯಿ, ಕಿಟಕಿ ಮ್ಯಾಲ" ಎಂದಳು. ಕಿಟಕಿ ಎಂಬುದನ್ನು ಒತ್ತಿ ಹೇಳಿದಳೋ, ನನಗೇ ಹಾಗೆ ಕೇಳಿಸಿತೋ. ಬಾಯಿ ಮುಚ್ಚಿಕೊಂಡೆ. ಇಷ್ಟು ಓದಿದವಳು, ಅಳತೆಕೋಲಿನ ಪಾಠ ನನಗೇ ಹೇಳುವವಳು, ತಾನೇ ಕಂಡುಕೊಳ್ಳಲಿ ಎಂದು ತಾಟು ಇಟ್ಟು ಬಂದೆ.

ಮಗನಿಗೆ ಹೇಳಿದರೆ, "ಸುಮ್ಮ ಕುಂದ್ರ ಯವ್ವಾ. ಅಕಿ ಮತ್ತ ಬಂದು ಪುಸ್ತಕ ಕೆದರ್ಕೋತ ಕುಂತಾಳು. ನಮಗ್ಯಾಕ ಬೇಕು?" ಎಂದ. ನನಗೆ ಬೇಕಾಗಿದ್ದ ಮಾತೇ ಅದು. ಪಂಚಮಿ ಹೋಯಿತು, ಗಣಪತಿ ಹೋದ. ಅವಳ ಕೋಣೆಯಿಂದ ಟಕಟಕ ಟೈಪಿನ ಸದ್ದು ಕೇಳಿದಾಗಲೆಲ್ಲ ನಾನು ಕಿವಿಗೆ ಸೆರಗು ಮುಚ್ಚಿಕೊಂಡೆ. ಅಷ್ಟರ ನಡುವೆಯೂ ಅವಳು ಬಂದು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸುತ್ತಿದ್ದಳು. ಮೊದಲೇ ಮಾತು ಕೊಟ್ಟಿದ್ದಳು, ಅದಕ್ಕೆ. ನನ್ನ ಬೆರಳನ್ನು ಹಿಡಿದು ಒತ್ತಿಸುತ್ತಿದ್ದಳು. ಆ ಬೆರಳನ್ನು ಅವಳ ಕೈಯಲ್ಲಿಟ್ಟು ಸುಮ್ಮನೆ ಕೂತಿರುವಷ್ಟು ಕಲ್ಲಾಗಿದ್ದೆ ನಾನು.

ದಸರೆಯ ಸಂಜೆ. ನಮ್ಮ ಕಡೆ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವುದು, ವರ್ಷದ ಸಿಟ್ಟು ಸೆಡವು ಅಲ್ಲಿಗೆ ಮುಗಿಯಿತು ಎನ್ನುವುದು. ಅವಳು ಬಂದಳು, ತಲೆ ಬಾಚಿ, ಹೊಸ ಚೂಡಿದಾರ ಹಾಕಿ. ಹೊಸ್ತಿಲ ಆಚೆಯೇ ನಿಂತು ಕೈ ಚಾಚಿದಳು.

"ಬನ್ನಿ ತಗೋರಿ ಆಯಿ. ಬಂಗಾರದಂಗ ಇರೋಣ್ರಿ. ನಾಡದು ಒಪ್ಪಿಸಾಕ ಹೊಂಟೇನಿ, ಆಶೀರ್ವಾದ ಮಾಡ್ರಿ."

ನನ್ನ ಕೈ ಮುಂದೆ ಹೋಗಲಿಲ್ಲ.

"ತಡಿ ಬೇ. ಬನ್ನಿ ಕೊಡಬ್ಯಾಡ. ಮೊದ್ಲ ಕೇಳು." ದಾರದ ಕಥೆ, ಚೀಟಿಯ ಕಥೆ, ಆ ವರ್ಷದ ಕಥೆ, ಎಲ್ಲಾ ಹೇಳಿದೆ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಒಂದೇ ಪ್ರಶ್ನೆ ಕೇಳಿದಳು.

"ನಿಮಗ ಯಾವಾಗ ತಿಳೀತ್ರಿ?"

"ಪಂಚಮಿಗೆ."

ಅವಳು ಬೈದಿದ್ದರೆ ಹಗುರಾಗುತ್ತಿದ್ದೆ. ಫೋನ್ ತೆಗೆದು ತಂದೆಗೆ ಹಚ್ಚಿದಳು. ಮಾತು ನನಗೂ ಕೇಳುತ್ತಿತ್ತು.

"ಅಪ್ಪಾ, ಅಡ್ಡೆದಾಗ ದಾರದ ಅಳತಿ ಬಿಟ್ರಲ್ಲ, ಆ ವರ್ಷ ಕಟಿಗಿ ಹೆಚ್ಚು ಬಂದಿತ್ತೇನು?"

"ಇಲ್ಲವ್ವ. ಅಷ್ಟ ಬಂದಿತ್ತು. ಹೆಗಲು ಅಷ್ಟ ನೋಯ್ತಿತ್ತು. ಯಾಕ?"

"ಏನಿಲ್ಲಪ್ಪ."

"ಪುಸ್ತಕದಾಗ ಬ್ಯಾರೆ ಏನರ ಬರದದೇನು? ನನ್ನ ಕೇಳಬೇಕಿತ್ತಲ್ಲ ಮಗಳ."

ಫೋನ್ ಇಟ್ಟಳು. ಅಲ್ಲಿಯವರೆಗೆ ಅಳದವಳು ಆಗ ಅತ್ತಳು. ಮೂರು ತಾಲ್ಲೂಕಿನ ಪುಸ್ತಕ ಕೇಳಿದ್ದಳು, ತಂದೆಯನ್ನು ಕೇಳಿರಲಿಲ್ಲ. ಬನ್ನಿ ಎಲೆ ಅವಳ ಮುಷ್ಟಿಯಲ್ಲೇ ಉಳಿಯಿತು.

ಮರುದಿನ ಕಡಗಂಚಿಗೆ ಹೋಗಿ ಮೇಷ್ಟರಿಗೆ ಹೇಳಿದಳಂತೆ. ಅವರು, "ನಾಲ್ಕನೇ ಅಧ್ಯಾಯ ಅಷ್ಟು ಕೂಲಂಕಷವಾಗಿ ಯಾರು ನೋಡ್ತಾರಮ್ಮ, ಒಪ್ಪಿಸಿಬಿಡು" ಎಂದರಂತೆ. ನಾನೂ ಅದನ್ನೇ ಹೇಳಿದೆ. ನನ್ನಿಂದ ಆದ ಕೇಡು ಚಿಕ್ಕದಾಗಲಿ ಎಂಬ ಆಸೆ ನನಗೆ.

"ಕೆಲಸ ಹೋಗ್ತದಲ್ಲ ಬೇ. ಸುಮ್ಮ ಕೊಟ್ಟುಬಿಡು. ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾಗ್ಯದಲ್ರಿ."

ಒಪ್ಪಿಸಲಿಲ್ಲ. ಯಾವ ಅಡ್ಡೆ ಯಾವ ವರ್ಷ ದಾರ ಬಿಟ್ಟಿತು ಎಂದು ತಿಳಿಯಲು ಮತ್ತೆ ಅಲೆದಳು. ಈ ಸಲ ನಾನೂ ಹೋದೆ, ಕೇಳಲಿಲ್ಲ, ಹಿಂದೆ ಹೋಗಿ ಬಸ್ ಹತ್ತಿ ಕುಳಿತೆ. ಅಫಜಲಪುರದ ಅಡ್ಡೆಯವನು ನಮ್ಮವರ ಹಳೆಯ ಗೆಳೆಯ. "ಏನ್ರಿ ವೈನಿ, ಈ ವಯಸ್ಸಿನ್ಯಾಗ ಸಾಲಿಗೆ ಹೆಸರು ಹಚ್ಚೀರೇನು?" ಎಂದು ನಕ್ಕ. "ಹೌದ್ರಿ, ಫೇಲ್ ಆಗೇನಿ, ಮತ್ತ ಕುಂತೇನಿ" ಅಂದೆ. ಅವಳು ನಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ಕಿಟಕಿಯ ಆಚೆ ತೊಗರಿ ಹೊಲ ನೋಡುತ್ತಿದ್ದಳು. ಜೇವರ್ಗಿಯಲ್ಲಿ ಅವಳ ತಂದೆ ನನಗೆ ನೀರು ತಂದುಕೊಟ್ಟ, ಕುಡಿಯುವೆನೋ ಇಲ್ಲವೋ ಎಂದು ಅನುಮಾನಿಸುತ್ತ, ಲೋಟವನ್ನು ಸ್ವಲ್ಪ ದೂರದಲ್ಲಿ ಇಟ್ಟ. ಎತ್ತಿಕೊಂಡು ಕುಡಿದೆ. ಅವಳು ನೋಡುತ್ತಿದ್ದಳು.

ಮತ್ತೆ ಗೆರೆ ಎಳೆದಾಗ ನೀಲಿ ಗೆರೆ ಮಲಗಿಬಿಟ್ಟಿತು. ಒಂಚೂರು ಏರು, ಒಂಚೂರು ಇಳಿತ. ಕೆಂಪು ಬಾಗಿದರೆ ನೀಲಿಗೆ ಏನೂ ಆಗಿರಲಿಲ್ಲ. ಗೋಡೆಯ ಮೇಲಿನ ಹಳೆಯ ಗೆರೆಯನ್ನು ಅವಳು ಅಳಿಸಲಿಲ್ಲ. ಹೊಸದನ್ನು ಕಾಗದದ ಮೇಲೆ ಎಳೆದುಕೊಂಡಳು. ಜೇವರ್ಗಿಯ ಹುದ್ದೆ ಬೇರೆಯವರ ಪಾಲಾಯಿತು. ಯುಗಾದಿ ಹೊತ್ತಿಗೆ ಪ್ರಬಂಧ ಒಪ್ಪಿಸಿ, ಟ್ರಂಕು ಕಟ್ಟಿ, ಕಲಬುರಗಿಯ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಹೋದಳು. ತಂದೆ ಇನ್ನೂ ಹಮಾಲಿ ಬಿಟ್ಟಿಲ್ಲ.

ಅವಳು ಹೋದ ಮೇಲೆ ನಾನು ಫೋನಿನಲ್ಲಿ ಒಬ್ಬಳೇ ಒತ್ತಿದ ಮೊದಲ ಮಾತು ಅವಳಿಗೇ: "ಚಾ ಆತೇನು?" ಮೂರು ದಿನ ಬಿಟ್ಟು ಉತ್ತರ ಬಂತು: "ಆತ್ರಿ." ಅಷ್ಟೇ. ಆ ಎರಡಕ್ಷರವನ್ನು ಎಷ್ಟು ಸಲ ತೆರೆದು ನೋಡಿದೆನೋ.

ಕಳೆದ ತಿಂಗಳು ಹೇಳದೆ ಕೇಳದೆ ಬಂದಳು, ಕೈಯಲ್ಲಿ ದಪ್ಪ ಪುಸ್ತಕ. ಡಾಕ್ಟರಾಗಿದ್ದಳು. ಬಂದವಳೇ ಹಳೆಯ ಅಭ್ಯಾಸದಂತೆ ಚೌಕಟ್ಟಿಗೆ ಎರಡು ಏಟು ಹಾಕಿದಳು. ಪುಸ್ತಕದ ಒಂದು ಹಾಳೆ ತೆರೆದು ತೋರಿಸಿದಳು. ದಾರದ ಅಳತೆಯ ವಿಷಯ ತಿಳಿಸಿದವರು ಆಳಂದದ ಒಬ್ಬ ಅಜ್ಜಿ ಎಂದು ಅಚ್ಚಾಗಿತ್ತು. ಯಾವಾಗ ತಿಳಿಸಿದರು ಎಂಬುದು ಇರಲಿಲ್ಲ. ಆ ಬಿಟ್ಟ ಮಾತೇ ನನ್ನನ್ನು ಹೆಚ್ಚು ಚುಚ್ಚಿತು.

ಒಳಗೆ ಕರೆದೆ. ಅಡುಗೆಮನೆಯಲ್ಲೇ ಕೂರಿಸಿದೆ. ಚಹಾ ಮಾಡಿ, ನಮ್ಮ ಬುಟ್ಟಿಯ ಲೋಟದಲ್ಲಿ ಅವಳಿಗೆ ಕೊಟ್ಟೆ. ಆ ನಜ್ಜಾದ ಲೋಟದಲ್ಲಿ ನಾನು ಕುಡಿದೆ. ಅವಳು ಹೋದಾಗಿನಿಂದ ಅದು ನನ್ನದೇ. ಅವಳು ಎರಡೂ ಲೋಟ ನೋಡಿದಳು, ನನ್ನ ಮುಖ ನೋಡಿದಳು. ಇಷ್ಟು ದಿನದ ಮೇಲೆ ಒಂದು ಒಳ್ಳೆಯ ಮಾತು ಕೇಳುವ ಆಸೆ ನನಗೆ. ತಡೆಯಲಾಗಲಿಲ್ಲ.

"ನೋಡು ಬೇ ಡಾಕ್ಟರೇ, ಈಗ ನಮ್ಮ ಮನ್ಯಾಗ ಬ್ಯಾರೆ ಲೋಟ ಇಲ್ಲ. ಎಷ್ಟು ಬದಲಾಗೇನಿ ನಾ, ಅದನ್ನೂ ಒಂದು ಪುಸ್ತಕದಾಗ ಬರಿ."

ಅವಳು ಚಹಾ ಪೂರ್ತಿ ಕುಡಿದಳು. ಲೋಟ ತೊಳೆದು ಬುಟ್ಟಿಯಲ್ಲಿಟ್ಟಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದಳು:

"ಲೋಟ ಬದಲಾಗ್ಯದ, ಅದು ಕಾಣಸ್ತದ್ರಿ ಆಯಿ. ಆದ್ರ ಅಳತಿ ಬದಲಾದ ವರ್ಷಾನ ಕಟಿಗಿ ಹೆಚ್ಚಾತು ಅಂತ ಬರ್ದು ಒಮ್ಮೆ ಕೈ ಸುಟ್ಕೊಂಡೇನಿ. ಇನ್ನೊಂದು ನಾಕು ವರ್ಷ ಬಂದು ಬಂದು ನೋಡ್ತೇನಿ, ಆಮ್ಯಾಲ ಗೆರಿ ಎಳಿತೇನಿ."